ಚುಕ್ಕಿ ಹಸಿರು, ನಲ್ಲಿ ಒಣ

ನಮ್ಮೂರು ತಾಂಡ್ಯ. ಹೀಗೆಂದರೆ ಬೆಂಗಳೂರಿನವರು "ಮಂಡ್ಯಾನಾ?" ಅನ್ನುತ್ತಾರೆ, ಮೈಸೂರಿನವರು "ಯಾವ ಫ್ಯಾಕ್ಟರಿ?" ಅನ್ನುತ್ತಾರೆ. ನಂಜನಗೂಡು ತಾಲ್ಲೂಕಿನ ಕೈಗಾರಿಕಾ ಪ್ರದೇಶಕ್ಕೆ ಊರಿನ ಹೆಸರು ಕೊಟ್ಟಮೇಲೆ ಊರಿಗೆಂದು ಬೇರೆ ಹೆಸರು ಉಳಿದಿಲ್ಲ. ಫ್ಯಾಕ್ಟರಿಗೆ ಹೋಗುವವಳು ನನ್ನ ಹೆಂಡತಿ. ನಾನು ಬಸ್ಸು ಹತ್ತಿ ಮೈಸೂರಿನ ಒಂದು ಕಾಲೇಜಿಗೆ ಹೋಗಿ ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳುತ್ತೇನೆ. ಏನು ಪಾಠ ಎಂದು ಅವ್ವನಿಗೆ ತಿಳಿಯಹೇಳಲು ಏಳು ವರ್ಷದಿಂದ ಹೆಣಗುತ್ತಿದ್ದೇನೆ. ಸಿಲಬಸ್ಸಿನಲ್ಲಿ ಅದರ ಹೆಸರು ಡೇಟಾ ವಿಷುಯಲೈಸೇಷನ್. ರಾಶಿ ಅಂಕಿಗಳನ್ನು ನೋಡಿದೊಡನೆ ತಿಳಿಯುವ ಚಿತ್ರ ಮಾಡಬೇಕು, ಬೆರಳಿಟ್ಟರೆ ಒಳಗಿನ ವಿವರ ಬಿಚ್ಚಿಕೊಳ್ಳುವ ಪರದೆ ಮಾಡಬೇಕು, ಅದೇ ವಿದ್ಯೆ. ಅವ್ವ ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು ಪಕ್ಕದ ಮನೆಯವರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ: "ನಮ್ಮುಡುಗ ಕಾಲೇಜಲ್ಲಿ ಗೆರೆ ಎಳೆಯದ ಹೇಳ್ಕೊಡ್ತಾನ."

ಪೈ ಚಾರ್ಟ್ ಎಂದಾಗ ಮಾತ್ರ ಅವಳ ಮುಖ ಅರಳಿತ್ತು. ಮಗ ಪೈಸಾ ಪೈ ಲೆಕ್ಕ ಇಡುವುದನ್ನು ಕಲಿಸುತ್ತಾನೆ ಅಂದುಕೊಂಡಳು. ಅದು ದುಂಡಗಿನ ಚಿತ್ರ, 1801ರಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ಬರೆದು ತೋರಿಸಿದ್ದು ಎಂದು ವಿವರಿಸಿದೆ. "ಒಬ್ಬಟ್ಟು ಹಂಚದಂಗೆ ಅನ್ನು" ಎಂದು ಒಳಗೆ ಹೋದಳು. ಮೂರು ಗಂಟೆಯ ಪಾಠವನ್ನು ಯಾರಾದರೂ ಹೀಗೆ ಎರಡು ಪದಕ್ಕೆ ಇಳಿಸಿದರೆ ಯುಜಿಸಿ ಸಂಬಳ ತೆಗೆದುಕೊಳ್ಳುವವನಿಗೆ ಹೇಗಾಗಬೇಡ.

ಪ್ರತಿ ವರ್ಷ ಮೊದಲ ತರಗತಿಯನ್ನು ನಾನು ಅಭಿಮಾನದಿಂದಲೇ ಶುರು ಮಾಡುತ್ತೇನೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಸಂಖ್ಯಾಶಾಸ್ತ್ರದಲ್ಲಿ ಜಗತ್ತೇ ತಲೆಬಾಗುವಷ್ಟು ಬೆಳೆದರು, ನೂರು ದಾಟಿದಮೇಲೆ 2023ರಲ್ಲಿ ಆ ಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದರು ಎಂದು ಹೇಳಿ, ಗಂಟಲು ತುಂಬಿಬಂದಂತೆ ಮಾಡಿ, ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆ ಮೌನದಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ: "ಸರ್, ಇದು ಎಕ್ಸಾಮ್‌ಗೆ ಬರುತ್ತಾ?"

ಈ ಸಲ ಅಭಿಮಾನವನ್ನು ಬಿಟ್ಟು ನೇರ ನೀರಿಗಿಳಿದೆ. ಮುಂಗಾರಿನಲ್ಲಿ ನಮ್ಮ ಕಡೆಯವರು ಪೇಪರ್ ತೆರೆದರೆ ಮೊದಲು ನೋಡುವುದು ಜಲಾಶಯಗಳ ಮಟ್ಟ. ಕೆಆರ್‌ಎಸ್ (ನಮ್ಮ ಬಾಯಲ್ಲಿ ಕನ್ನಂಬಾಡಿ) ತುಂಬಿದರೆ 124.80 ಅಡಿ. ಕಬಿನಿ ತುಂಬಿದರೆ 2,284 ಅಡಿ. ಎರಡನ್ನೂ ಕಂಪ್ಯೂಟರಿಗೆ ಉಣ್ಣಿಸಿ, ಪ್ರೊಜೆಕ್ಟರ್ ಹಚ್ಚಿ, ಮಾಂತ್ರಿಕನ ಹಾಗೆ ಗುಂಡಿ ಒತ್ತಿದೆ. ಕಬಿನಿಯ ಕಂಬ ಪರದೆಯ ನೆತ್ತಿ ಮುಟ್ಟಿತು. ಕನ್ನಂಬಾಡಿ ಅದರ ಬುಡದಲ್ಲಿ ಮಗುಚಿಹಾಕಿದ ಇಡ್ಲಿಯಂತೆ ಕೂತಿತ್ತು.

ತರಗತಿ ದಿಟ್ಟಿಸಿತು. ತಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಹಂಗಾದ್ರೆ ಕನ್ನಂಬಾಡಿ ನೀರನ್ನ ಕಬಿನಿಯೊಳಕ್ಕೆ ಹದಿನೆಂಟು ಸಲ ಸುರೀಬೋದಾ?"

ಗುರು ಎಂಬ ಪ್ರಾಣಿಗೆ ಇಂಥ ಹೊತ್ತಿನಲ್ಲಿ ದೇವರು ಒಂದು ವಾಕ್ಯ ಕೊಟ್ಟಿದ್ದಾನೆ. ನಾನು ಅದನ್ನೇ ಹೇಳಿದೆ: "ಶಹಬ್ಬಾಸ್, ಈ ತಪ್ಪನ್ನ ಯಾರು ಕಂಡುಹಿಡೀತೀರಿ ಅಂತ್ಲೇ ಕಾಯ್ತಿದ್ದೆ."

ಕನ್ನಂಬಾಡಿಯ ಅಡಿ ಆ ಕಟ್ಟೆಯದೇ ಅಳತೆಗೋಲಿನ ಲೆಕ್ಕ, ಕಬಿನಿಯ ಅಡಿ ಸಮುದ್ರಮಟ್ಟದಿಂದ. ನೆಲದ ಮೇಲೆ ನಿಂತವನನ್ನೂ ಚಾಮುಂಡಿ ಬೆಟ್ಟದ ಮೇಲೆ ಕೂತವನನ್ನೂ ಪಕ್ಕಪಕ್ಕ ಇಟ್ಟು ಯಾರು ಉದ್ದ ಎಂದು ಕೇಳಿದ ಹಾಗೆ ನಾನು ಮಾಡಿದ್ದು. ನೀರನ್ನು ಅಳೆಯುವುದಾದರೆ ಟಿಎಂಸಿಯಲ್ಲಿ ಅಳೆಯಬೇಕು. ಒಂದು ಟಿಎಂಸಿಗೆ ನೂರು ಕೋಟಿ ಘನ ಅಡಿ. ಕನ್ನಂಬಾಡಿ 49.45, ಕಬಿನಿ 19.52. ದೊಡ್ಡಣ್ಣ ಕನ್ನಂಬಾಡಿಯೇ, ಎರಡೂವರೆ ಪಟ್ಟು. ಇದನ್ನು ಹೇಳಿಕೊಡುವ ನೆವದಲ್ಲಿ ನಾನೂ ಆವತ್ತೇ ಸರಿಯಾಗಿ ತಿಳಿದುಕೊಂಡೆ.

ಮುಂದಿನ ವಾರ ಎಲ್ಲರೂ ಅದನ್ನೇ ತಿದ್ದಿ ತಂದರು. ಒಬ್ಬ ಕಂಬದ ಬದಲು ಎರಡು ಕೊಡ ಬರೆದಿದ್ದ, ಚೆಂದವಾಗಿಯೇ. ಆದರೆ ಕೊಡವನ್ನು ಎರಡೂವರೆ ಪಟ್ಟು ಎತ್ತರ ಮಾಡಿದಾಗ ಅಗಲವೂ ಅಷ್ಟೇ ಬೆಳೆದು, ಕಣ್ಣಿಗೆ ಕಾಣುವ ಹರವು ಆರು ಪಟ್ಟು ಮೀರಿತ್ತು. ಎಡ್ವರ್ಡ್ ಟಫ್ಟಿ ಎಂಬ ಅಮೆರಿಕದ ಮೇಷ್ಟ್ರು 1983ರ ತಮ್ಮ ಪುಸ್ತಕದಲ್ಲಿ ಇಂಥ ಚಿತ್ರ ಎಷ್ಟು ಪಾಲು ಸುಳ್ಳು ಹೇಳುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನೇ ಕೊಟ್ಟಿದ್ದಾರೆ. ಹುಡುಗನಿಗೆ ಸೂತ್ರ ಹೇಳಿದೆ. "ನನ್ನ ಕೊಡ ಮೂರೂವರೆ ಪಟ್ಟು ಸುಳ್ಳು, ನಿಮ್ಮ ಕಂಬ ಎಷ್ಟು ಸರ್?" ಎಂದು ಕೇಳಿದ. ಬೆಲ್ ಹೊಡೆಯಿತು ಎಂದು ನಾನು ಹೊರಟೆ. ಬೆಲ್ ಹೊಡೆದಿರಲಿಲ್ಲ.

ನಂಜನಗೂಡಿನ ಇನ್ನೊಬ್ಬನ ಪರದೆಯಲ್ಲಿ ಅಂಕಿಯೇ ಇರಲಿಲ್ಲ. ಕಪಿಲೆಯ, ಅಂದರೆ ಕಬಿನಿ ಹೊಳೆಯ, ದಡದ ಹದಿನಾರು ಕಾಲು ಮಂಟಪ ಬರೆದು ಅದರ ಕಾಲುಗಳಿಗೆ ನೀಲಿ ಬಳಿದಿದ್ದ. ಕಬಿನಿಯಿಂದ ಜಾಸ್ತಿ ಬಿಟ್ಟರೆ ನೀಲಿ ಮೇಲೇರುತ್ತದೆ, ಅಷ್ಟೆ. "ಕ್ಯುಸೆಕ್ಸ್ ಎಷ್ಟು ಅಂತ ಯಾರೂ ಕೇಳಲ್ಲ ಸರ್ ನಮ್ಮಲ್ಲಿ. ಮಂಟಪ ಮುಳುಗ್ತಾ ಅಂತ ಕೇಳ್ತಾರೆ." ಅವನಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದನ್ನು ನನಗೆ ಹೊಳೆಯಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚಿಗೆ ಹಿಡಿದುಕೊಂಡೆ.

ತಿ. ನರಸೀಪುರದ ಹುಡುಗಿಯದು ಇನ್ನೂ ಗಟ್ಟಿ. ಅವರ ಜಮೀನು ಹೊಳೆ ದಂಡೆಗೆ. ಕಪಿಲೆ ಕಾವೇರಿಗೆ ಸೇರುವುದು ಅಲ್ಲೇ. ಹಾಗಾಗಿ ಯಾವ ಕಟ್ಟೆಯಿಂದ ನೀರು ಬಿಟ್ಟರೂ ಅವಳ ಅಪ್ಪನಿಗೆ ನಿದ್ದೆ ಇಲ್ಲ. ಅವರಿಗೆ ಬೇಕಾದದ್ದು ಒಂದೇ ಸಂಗತಿ: ದಡದಲ್ಲಿರುವ ಪಂಪ್‌ಸೆಟ್ಟಿನ ಮೋಟಾರನ್ನು ಇವತ್ತು ರಾತ್ರಿ ಎತ್ತಿ ಮೇಲಕ್ಕೆ ಇಡಬೇಕೋ ಬೇಡವೋ. ಅವಳ ಪರದೆಯ ತುಂಬ ಎರಡೇ ಮಾತು, "ಎತ್ತಿ" ಅಥವಾ "ಮಲಗಿ". ಅದರ ಮೇಲೆ ಬೆರಳಿಟ್ಟರೆ ಎರಡು ಕಟ್ಟೆಗಳ ಹೊರಹರಿವು ಕಾಣುತ್ತದೆ. ಮೇರಿಲ್ಯಾಂಡಿನ ಬೆನ್ ಶ್ನೈಡರ್‌ಮನ್ 1996ರಲ್ಲಿ ಬರೆದ ಸೂತ್ರವೂ ಇದೇ: ಮೊದಲು ಒಟ್ಟು ನೋಟ, ಆಮೇಲೆ ಹತ್ತಿರ ಹೋಗಿ ಸೋಸುವುದು, ಕೇಳಿದರೆ ಮಾತ್ರ ವಿವರ. ಇದನ್ನು ಸಂಭ್ರಮದಿಂದ ಮನೆಯಲ್ಲಿ ಹೇಳಿದೆ. "ಕೇಳಿದರೆ ಮಾತ್ರ ವಿವರ," ಎಂದು ನನ್ನ ಹೆಂಡತಿ ನಿಧಾನವಾಗಿ ಪುನರುಚ್ಚರಿಸಿ, "ಇದನ್ನ ನಿಮ್ಮ ಬಾಯಿಗೂ ಹಾಕ್ಸೋಕಾಗುತ್ತೇನ್ರೀ?" ಎಂದಳು.

ಮಕ್ಕಳೇ ಇಷ್ಟು ಮಾಡುವಾಗ ಮೇಷ್ಟ್ರು ಸುಮ್ಮನಿರುವುದೆ? ಮನೆಗೊಂದು ಡ್ಯಾಶ್‌ಬೋರ್ಡ್ ಕಟ್ಟಿದೆ. ಹಳೇ ಟ್ಯಾಬೊಂದನ್ನು ಅಡುಗೆಮನೆಯ ಗೋಡೆಗೆ, ಒಂಟಿಕೊಪ್ಪಲ್ ಪಂಚಾಂಗ ತೂಗುತ್ತಿದ್ದ ಮೊಳೆಗೇ ಹಾಕಿದೆ. ಗ್ಯಾಸು, ಅಕ್ಕಿ, ಹಾಲಿನ ಲೆಕ್ಕ, ಕರೆಂಟು ಬಿಲ್ಲು, ತಿಂಗಳ ಖರ್ಚಿನ ಪೈ ಚಾರ್ಟು. ಅದರಲ್ಲಿ ಹದಿನಾಲ್ಕು ಹೋಳು, 'ಇತರೆ' ಎಂಬ ಹೋಳೇ ಎಲ್ಲಕ್ಕಿಂತ ದೊಡ್ಡದು. ಬಲಗಡೆ ಮೂಲೆಯಲ್ಲಿ ನನ್ನ ಹೆಮ್ಮೆಯ ಚುಕ್ಕಿ. ಮಾಳಿಗೆಯ ಟ್ಯಾಂಕಿನಲ್ಲಿ ಸೆನ್ಸರ್ ಇಟ್ಟು ತಂತಿ ಎಳೆದಿದ್ದೆ. ನೀರು ತುಂಬಿದ್ದರೆ ಚುಕ್ಕಿ ಹಸಿರು, ಖಾಲಿಯಾದರೆ ಕೆಂಪು. ಕಣ್ಣಿಗೆ ಹೊಡೆಯಬಾರದೆಂದು ಎರಡನ್ನೂ ಮಂದ ಬಣ್ಣದಲ್ಲಿ ಆರಿಸಿದ್ದೆ, ರುಚಿ ಇರುವವರು ಮಾಡುವ ಹಾಗೆ.

ನನ್ನ ಹೆಂಡತಿ ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ಅವಳ ಒಂದೊಂದು ಮೆಷಿನ್ನಿನ ನೆತ್ತಿಯ ಮೇಲೂ ಮೂರು ದೀಪದ ಕಂಬ ಇದೆಯಂತೆ. ಕೆಳಗೆ ಹಸಿರು, ಓಡುತ್ತಿದೆ. ನಡುವೆ ಹಳದಿ, ಮಾಲು ಮುಗಿಯುತ್ತಿದೆ. ಮೇಲೆ ಕೆಂಪು, ನಿಂತುಹೋಗಿದೆ. "ನಲವತ್ತು ಮೆಷಿನ್ನನ್ನ ಒಂದು ಮೂಲೇಲಿ ನಿಂತು ನೋಡ್ತೀನಿ ನಾನು. ನಿಮ್ಮ ಬೋರ್ಡಲ್ಲಿ ಒಂದು ಗ್ಯಾಸ್ ಸಿಲಿಂಡರ್ ನೋಡೋಕೆ ಕನ್ನಡಕ ಹುಡುಕ್ಬೇಕು," ಎಂದಳು. ಫ್ಯಾಕ್ಟರಿಯ ಮಾತು ಬೇರೆ, ಸಂಸಾರದ ದತ್ತಾಂಶ ಸಂಕೀರ್ಣವಾದದ್ದು ಎಂದೆ. ದತ್ತಾಂಶ ಎಂದರೇನು ಎಂದು ಅವ್ವ ಕೇಳಿದಳು. ದತ್ತು ತೆಗೆದುಕೊಂಡದ್ದರ ಅಂಶ ಎಂದು ನನ್ನ ನಾಲ್ಕನೇ ಕ್ಲಾಸಿನ ಮಗಳು ಹೇಳಿದಳು. ನಾನು ತಿದ್ದಲಿಲ್ಲ.

ಒಂದೇ ತೊಂದರೆ. ಚುಕ್ಕಿ ನಂಬಿ ಕೂತರೆ ಆಗಾಗ ನೀರು ಕೈಕೊಡುತ್ತಿತ್ತು, ಇಲ್ಲವೇ ಟ್ಯಾಂಕು ತುಂಬಿ ಪಕ್ಕದವರ ಹಪ್ಪಳದ ಮೇಲೆ ಧಾರೆ. ಸೆನ್ಸರ್ ಕೆಟ್ಟಿದೆ ಎಂದು ಎರಡು ಸಲ ಬದಲಾಯಿಸಿದೆ. ಖರ್ಚನ್ನು 'ಇತರೆ'ಗೆ ಬರೆದೆ.

ಕೋರ್ಸಿನ ಕೊನೆಗೆ ಬರುವುದು ಬಳಕೆದಾರರ ಪರೀಕ್ಷೆ. ಮಾಡಿದ ಪರದೆಯನ್ನು ಬಳಸುವವರ ಮುಂದಿಟ್ಟು, ಒಂದೊಂದು ಕೆಲಸ ಹೇಳಿ, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುವುದು. ಇದಕ್ಕೆ ನನ್ನ ಕಟ್ಟುನಿಟ್ಟಿನ ನಿಯಮ ಒಂದಿದೆ: ಬಳಸುವವರು ತಪ್ಪು ಮಾಡಿದರೆ ತಿದ್ದಬೇಡಿ, ನಗಬೇಡಿ, ತಲೆಯನ್ನೂ ಆಡಿಸಬೇಡಿ, ಬರೆದುಕೊಳ್ಳಿ. ಇದನ್ನು ಅಭ್ಯಾಸ ಮಾಡಿಸಲು ಐದು ಜನರನ್ನು ಒಂದು ಭಾನುವಾರ ಮನೆಗೇ ಕರೆದೆ. ಮಾದರಿ ಪರದೆ ಹೇಗಿರುತ್ತದೆಂದು ಅವರೂ ನೋಡಲಿ ಎಂಬ ಚಪಲವೂ ಇತ್ತು, ಮುಚ್ಚಿಡುವುದೇನು.

ಉಪ್ಪಿಟ್ಟು ಕಾಫಿ ಆಯಿತು. ಮೊದಲ ಬಳಕೆದಾರಳು ಅವ್ವ. "ಅಜ್ಜಿ, ಗ್ಯಾಸ್ ಇನ್ನೆಷ್ಟು ದಿನ ಬರುತ್ತೆ ನೋಡಿ ಹೇಳ್ತೀರಾ?" ಎಂದು ನಂಜನಗೂಡಿನ ಹುಡುಗ ವಿನಯದಿಂದ ಕೇಳಿದ. ಅವ್ವ ಗೋಡೆಯ ಕಡೆ ತಿರುಗಲೂ ಇಲ್ಲ. ಮಸಿಬಟ್ಟೆಯನ್ನು ನೀರಲ್ಲದ್ದಿ ಹಿಂಡಿ, ಸಿಲಿಂಡರಿನ ಮೈಮೇಲೆ ಮೇಲಿಂದ ಕೆಳಕ್ಕೆ ಒಂದು ಪಟ್ಟಿ ಒರೆಸಿ, ಕೈ ಕಟ್ಟಿ ನಿಂತಳು. ಐವರೂ ನೆಲಕ್ಕೆ ಕುಕ್ಕರಿಸಿ ನೋಡಿದರು. ಒದ್ದೆ ಪಟ್ಟಿ ಮೇಲಿನಿಂದ ಮಾಸುತ್ತ ಬಂತು. ಕೆಂಪು ಸಿಲಿಂಡರಿನ ಮೈ ಒಣಗಿ ತಿಳಿಯಾಗುತ್ತ, ಆಗುತ್ತ, ಬುಡದಿಂದ ಒಂದು ಗೇಣಿನ ಮೇಲೆ ಗಕ್ಕನೆ ನಿಂತಿತು. ಅಲ್ಲಿಂದ ಕೆಳಗೆ ಇನ್ನೂ ಒದ್ದೆ. ಒಳಗೆ ದ್ರವ ಇರುವ ಭಾಗ ಬೇಗ ಬಿಸಿಯಾಗುವುದಿಲ್ಲ, ನೀರು ತಡವಾಗಿ ಆರುತ್ತದೆ. ಗೆರೆ ಎಳೆದ ಹಾಗೆ ಸ್ಪಷ್ಟ. "ಗೌರಿ ಹಬ್ಬದ ತಂಕ ಬತ್ತದ," ಎಂದು ಅವ್ವ ಬಟ್ಟೆ ಕೊಡವಿದಳು. ಹುಡುಗ ನನ್ನ ಬೋರ್ಡು ನೋಡಿದ. ಅದರಲ್ಲಿ ಗ್ಯಾಸು ಮುಗಿದು ಮೂರು ದಿನವಾಗಿತ್ತು. ನಿಯಮದಂತೆ ನಗದೆ ಬರೆದುಕೊಂಡ.

"ಈಗ ನೀವು ಸರ್. ಟ್ಯಾಂಕಲ್ಲಿ ನೀರಿದೆಯಾ?" ತಿ. ನರಸೀಪುರದ ಹುಡುಗಿ ಕೇಳಿದಳು.

ನನಗೆ ಇದು ಪರೀಕ್ಷೆಯೆ? ಎರಡು ಹೆಜ್ಜೆ ಹಿಂದೆ ಸರಿದು, ಚುಕ್ಕಿಯನ್ನು ನೋಡಿ, "ಹಸಿರು. ತುಂಬಿದೆ," ಎಂದೆ.

ಯಾರೂ ಮಾತಾಡಲಿಲ್ಲ. ಐದು ಪೆನ್ನುಗಳು ಒಟ್ಟಿಗೆ ಓಡಿದ ಸದ್ದು. "ಬಣ್ಣ ಎಂಥದು ಅಂತ ಇನ್ನೊಂದ್ಸಲ ಹೇಳ್ತೀರಾ ಸರ್?" ಹಸಿರು ಎಂದು ಇನ್ನೊಂದು ಸಲ ಹೇಳಿದೆ. ಮತ್ತೆ ಪೆನ್ನುಗಳು. ಅಷ್ಟರಲ್ಲಿ ಬಚ್ಚಲಿನಿಂದ, ತಲೆಗೆ ಸೀಗೇಪುಡಿ ಹಾಕಿಕೊಂಡಿದ್ದ ನನ್ನ ಹೆಂಡತಿಯ ಕೂಗು: "ರೀ! ನೀರು ನಿಂತೋಯ್ತು!"

ನಾನು ಮಕ್ಕಳ ಕಡೆ ನೋಡಿದೆ. ಮುಖಗಳು ಕಲ್ಲಿನಂತಿದ್ದವು. ಇಷ್ಟು ಚೆನ್ನಾಗಿ ನನ್ನ ಪಾಠವನ್ನು ಯಾವ ಬ್ಯಾಚೂ ಪಾಲಿಸಿರಲಿಲ್ಲ. ಕೊನೆಗೆ ಮಗಳು ಹೇಳಿದಳು, ಅವಳಿಗೆ ನಿಯಮ ಗೊತ್ತಿರಲಿಲ್ಲವಲ್ಲ: "ಅಪ್ಪ, ಅದು ಕೆಂಪು."

ಮೋಟಾರ್ ಹಾಕಿ ಬಂದಮೇಲೆ ಹುಡುಗಿ ಮೊಬೈಲಿನಲ್ಲಿ ಬಣ್ಣದ ಚುಕ್ಕಿಗಳ ಚಿತ್ರಗಳನ್ನು ತೆರೆದಳು. ಟೋಕಿಯೊದ ಶಿನೊಬು ಇಶಿಹಾರ 1917ರಲ್ಲಿ ಹೊರತಂದ ಪರೀಕ್ಷೆ, ನಾನೇ ಎರಡನೇ ವಾರ ತೋರಿಸುವುದು. ಮೊದಲ ಚಿತ್ರ ನೋಡಿ "ಹನ್ನೆರಡು!" ಎಂದು ಗೆದ್ದವನಂತೆ ಕೂಗಿದೆ. "ಅದು ಎಲ್ಲರಿಗೂ ಕಾಣುತ್ತೆ ಸರ್, ಹೆಂಗೆ ಹೇಳ್ಬೇಕು ಅಂತ ತೋರ್ಸೋಕೆ ಇಟ್ಟಿರೋದು," ಎಂದಳು. ಇದೂ ನನ್ನ ಸ್ಲೈಡಿನ ಮಾತೇ. ಮುಂದೆ 74 ಇದ್ದಲ್ಲಿ ನಾನು 21 ಎಂದೆ. ಅದರ ಮುಂದಿನದರಲ್ಲಿ ಏನೂ ಇಲ್ಲ ಎಂದೆ. ಅವ್ವ ಕೂಡ ಕನ್ನಡಕ ಇಲ್ಲದೆ ಓದಿದಳು.

ಎರಡನೇ ವಾರ ನಾನು ತರಗತಿಯಲ್ಲಿ ಮಾಡುವ ಅಭಿನಯ ನೆನಪಾಯಿತು. ಯುರೋಪಿನ ಲೆಕ್ಕದಲ್ಲಿ ಹನ್ನೆರಡು ಗಂಡಸರಿಗೆ ಒಬ್ಬನಿಗೆ ಕೆಂಪು-ಹಸಿರಿನ ತೊಡಕು, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗೆ, ಆದ್ದರಿಂದ ಬರಿಯ ಬಣ್ಣದಿಂದ ಏನನ್ನೂ ಹೇಳಬೇಡಿ ಎಂದು ಹೇಳಿ, ಹುಡುಗರ ಸಾಲಿನ ಕಡೆ ಬೆರಳು ಆಡಿಸುತ್ತ, "ಇಲ್ಲೇ ಒಬ್ಬಿಬ್ಬರು ಇರಬಹುದು, ಅವರಿಗೇ ಗೊತ್ತಿರುವುದಿಲ್ಲ ಪಾಪ!" ಅನ್ನುತ್ತಿದ್ದೆ. ಆ 'ಪಾಪ'ವನ್ನು ಏಳು ವರ್ಷ ಬಿಟ್ಟಿರಲಿಲ್ಲ.

ಹಾಗಾದರೆ ಇಷ್ಟು ವರ್ಷ ನಂಜನಗೂಡು ರಸ್ತೆಯ ಸಿಗ್ನಲ್ ಹೇಗೆ ದಾಟಿದೆ? ಜಾಗ ನೋಡಿ. ಮೇಲಿನದು ಹತ್ತಿದರೆ ನಿಲ್ಲು, ಕೆಳಗಿನದು ಹತ್ತಿದರೆ ಹೊರಡು. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬಿಬ್ಬರು 1984ರಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದರು, ಮನುಷ್ಯ ಅತ್ಯಂತ ಸರಿಯಾಗಿ ಓದುವುದು ಒಂದೇ ಅಳತೆಗೋಲಿನ ಮೇಲಿನ ಜಾಗವನ್ನು, ಕೋನ ಅದರ ಕೆಳಗೆ; ಬಣ್ಣದ ಗಾಢತೆಯನ್ನು ಅವರು ಪಟ್ಟಿಯ ಕಟ್ಟಕಡೆಗೆ ಇಟ್ಟಿದ್ದರು. ನನ್ನ ಹೆಂಡತಿಯ ಮೆಷಿನ್ನಿನ ಮೇಲಿನ ದೀಪವನ್ನು ಅದಕ್ಕೇ ನಾನೂ ಓದಬಲ್ಲೆ. ನಾನೇ ಕಟ್ಟಿದ ಚುಕ್ಕಿಗೆ ಮಾತ್ರ ಜಾಗವೂ ಇಲ್ಲ, ಮಾತೂ ಇಲ್ಲ.

ತಲೆ ಒರೆಸಿಕೊಳ್ಳುತ್ತ ಬಂದ ಹೆಂಡತಿ ವಿಷಯ ಕೇಳಿ ಕುರ್ಚಿಯಲ್ಲಿ ಕೂತಳು. ಅನುಕಂಪ ಬರುತ್ತದೆಂದು ಕಾದೆ. "ಟೊಮೇಟೊ," ಎಂದಳು. ಆಮೇಲೆ ಒಂದೊಂದಾಗಿ ಹೊರಟವು. ಹನ್ನೆರಡು ವರ್ಷ ತಂದ ದೋರುಗಾಯಿ ಟೊಮೇಟೊ. ನಮ್ಮ ಮದುವೆಯ ವರ್ಷಾಬ್ದಿಗೆ ಅವಳು ಕೇಳಿದ ಗಿಳಿಹಸಿರಿನ ಬದಲು ತಂದ ಚೂಡಿದಾರ್. ಮಗಳ ಡ್ರಾಯಿಂಗಿಗೆ ನೆರವಾಗಿ, ಕಂದು ಎಲೆ ಹಸಿರು ಬೊಡ್ಡೆಯ ಮಾವಿನ ಮರ ಬರೆಸಿ, ನವ್ಯ ಕಲೆ ಎಂದು ವಾದಿಸಿದ್ದು. "ನಾನು ಇಷ್ಟು ದಿನ ನಿಮಗೆ ಸಂಸಾರದ ಮೇಲೆ ಗಮನ ಇಲ್ಲ ಅಂದ್ಕೊಂಡಿದ್ದೆ. ಕಣ್ಣೇ ಸರಿ ಇಲ್ವಲ್ರೀ!" ಅವಳ ದನಿಯಲ್ಲಿ ಸಂತೋಷವಿತ್ತೇ ನಿರಾಸೆಯಿತ್ತೇ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಹನ್ನೆರಡು ವರ್ಷ ಬಳಸಿದ ಆಯುಧ ಒಂದೇ ದಿನ ಕೈತಪ್ಪಿದರೆ ಯಾರಿಗೂ ಕಷ್ಟವೇ.

"ನಮ್ಮನೇಲಿ ಯಾರ್ಗೂ ಇಲ್ಲ ಕನ ಮಗ, ಇದು ನಿಮ್ಮಪ್ಪನ ಕಡೇದು," ಎಂದಳು ಅವ್ವ.

ಸುಮ್ಮನಿದ್ದರೆ ಆಗುತ್ತಿತ್ತು. ಮೇಷ್ಟ್ರ ನಾಲಗೆ. ಇದು ಅಪ್ಪನಿಂದ ಮಗನಿಗೆ ಬರುವುದಿಲ್ಲ ಅವ್ವ, ತಾಯಿಯ ಕಡೆಯಿಂದಲೇ ಬರುವುದು, ತಾಯಿಗೆ ಸಾಮಾನ್ಯವಾಗಿ ಏನೂ ಇರುವುದಿಲ್ಲ, ಅವಳ ತಂದೆಗೋ ಅಣ್ಣತಮ್ಮಂದಿರಿಗೋ ಇರುತ್ತದೆ ಎಂದು ವಿವರಿಸಿದೆ. ಕೇಳದೆ ಕೊಟ್ಟ ವಿವರ.

ಅವ್ವ ಮಾತಾಡಲಿಲ್ಲ. ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದು ಕೇಳಿಸಿತು. ನನಗೆ ಎದೆ ಝಲ್ಲೆಂದಿತು, ಏಕೆಂದರೆ ಆ ಟ್ರಂಕಿನ ತಳದಲ್ಲಿ ಏನಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

1986ರ ಗೌರಿ ಹಬ್ಬ. ನಾನು ಕೈಗೂಸು. ತವರಿನಿಂದ ಬಾಗಿನ ತರುವ ಅಣ್ಣನಿಗೆ ಅವ್ವ ಮೊದಲೇ ಹೇಳಿಕಳಿಸಿದ್ದಳಂತೆ: ಈ ಸಲ ಹಸಿರು ಸೀರೆಯೇ ಆಗಬೇಕು. ಮೂಗೂರು ಮಾವ ತಿ. ನರಸೀಪುರದ ಅಂಗಡಿಯಲ್ಲಿ ಸೀರೆ ಆರಿಸಿ, ಬಸ್ಸಿನಲ್ಲಿ ಬಂದು, ನಗುನಗುತ್ತ ತಟ್ಟೆಯಲ್ಲಿಟ್ಟ. ಅವ್ವ ಬಿಚ್ಚಿ ನೋಡಿದರೆ ಕೊಟ್ಟಿಗೆ ಗೊಬ್ಬರದ ಕಂದು. ಅತ್ತಿಗೆಗೆ ಯಾರೋ ಕೊಟ್ಟದ್ದು, ಅವಳು ಉಡಲೊಲ್ಲದೆ ತನಗೆ ಸಾಗಹಾಕಿದ್ದಾಳೆ ಎಂದು ಅವ್ವ ತೀರ್ಮಾನಿಸಿದಳು. ಮಾವ ಹಸಿರೇ ತಂದಿದ್ದೇನೆ ಎಂದು ದೇವರಾಣೆ ಹಾಕಿದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಕಣ್ಣೆದುರಿಗೇ ಸುಳ್ಳು ಹೇಳುತ್ತಾನಲ್ಲ! ಸೀರೆಯನ್ನು ಅವಳು ಉಡಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ, ಸಾಕ್ಷಿಗೆಂದು ಇಟ್ಟಳು. ಮದುವೆ ಮುಂಜಿಗಳಲ್ಲಿ ಅಣ್ಣ ತಂಗಿ ಮಾತಾಡುತ್ತಾರೆ, ಊಟ ಬಡಿಸಿಕೊಳ್ಳುತ್ತಾರೆ. ಗೌರಿ ಹಬ್ಬ ಬಂತೆಂದರೆ ಮಾತ್ರ ಅವ್ವ ಮೂಗೂರಿನ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾಳೆ.

ಸೀರೆ ಹಿಡಿದು ಬಂದಳು. ನ್ಯಾಫ್ತಲಿನ್ ಗುಳಿಗೆಯ ವಾಸನೆ ನಡುಮನೆಯನ್ನು ತುಂಬಿತು. "ನಿಮ್ಮಾವನಿಗೆ ಆ ಮುಖ ಕಾಣ್ಸೋ ಫೋನ್ ಮಾಡ್ಲಾ."

ಮಾಡಿದೆ. ಆ ಕಡೆ ಮಾವ, ಎಪ್ಪತ್ತೈದು ದಾಟಿದವನು, ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಅವ್ವ ಪೀಠಿಕೆ ಹಾಕಲಿಲ್ಲ. ಸೀರೆಯನ್ನು ಬಿಡಿಸಿ ಫೋನಿನ ಮುಂದೆ ಹಿಡಿದಳು.

"ಅಣ್ಣ, ಇದು ಯಾವ ಬಣ್ಣ?"

ಮಾವ ಅಗಿಯುವುದನ್ನು ನಿಲ್ಲಿಸಿದ. ಫೋನನ್ನು ಹತ್ತಿರ ತಂದ, ದೂರ ಮಾಡಿದ. ಗುರುತು ಸಿಕ್ಕಿತೆಂದು ಕಾಣುತ್ತದೆ, ಮುಖ ಬಿಗಿಯಿತು. "ಹಸ್ರು ಕನವ್ವ. ಅವತ್ತೂ ಹಸ್ರು, ಇವತ್ತೂ ಹಸ್ರು. ಎಷ್ಟು ಸಲ ಹೇಳ್ಲಿ ನಿಂಗೆ?"

"ಕಂದು ಸರ್," ಎಂದು ಹುಡುಗಿ ಪಿಸುಗುಟ್ಟಿದಳು. ನಂಜನಗೂಡಿನ ಹುಡುಗ ಬರೆದುಕೊಂಡ. ಹೆಂಡತಿ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು, ಅಪ್ಪಟ ಕಂದು, ಅಂಚು ಮಾತ್ರ ಕೆಂಪು ಎಂದಳು. ಅವ್ವ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು. "ನೀ ಹೇಳು ಮಗ."

ನಾನು ಬಗ್ಗಿ ನೋಡಿದೆ. ಕಿಟಕಿಯ ಹತ್ತಿರ ಒಯ್ದು ಇನ್ನೊಮ್ಮೆ ನೋಡಿದೆ.

ಒಳ್ಳೆಯ ಹಸಿರು. ಮಾವನ ಆಯ್ಕೆ ಚೆನ್ನಾಗಿತ್ತು.